ಸ್ಕ್ವಾಟ್ 60ರಲ್ಲೇ ನಿಂತಿದೆ, ಹುಮ್ಮಸ್ಸೂ ಇಳಿದಿದೆ: ಪ್ರೋಗ್ರಾಂ ಬದಲಿಸಬೇಕಾ?

ಕಬ್ಬಿಣದ ಕಡಲೆ:

ವಯಸ್ಸು 27, ತೂಕ 68 ಕೆಜಿ, ಊರು ದಾವಣಗೆರೆ. ಸ್ಕ್ವಾಟ್ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳೋದು) 60 ಕೆಜಿ, ಬೆಂಚ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳೋದು) 50, ಡೆಡ್‌ಲಿಫ್ಟ್ (ನೆಲದಿಂದ ಎತ್ತೋದು) 80, ಓವರ್‌ಹೆಡ್ ಪ್ರೆಸ್ (ನಿಂತು ತಲೆ ಮೇಲಕ್ಕೆ ಎತ್ತೋದು) 30. ಎಲ್ಲವೂ ಐದು ರೆಪ್ ಲೆಕ್ಕ, ಅಂದ್ರೆ ಸತತ ಐದು ಸಲ ಎತ್ತೋದು, ಎರಡು ತಿಂಗಳಿಂದ ಒಂದೂ ಕದಲಿಲ್ಲ. ಮೊದಲು 5×5 (ಐದೈದು ರೆಪ್‌ನ ಐದು ಸೆಟ್), ಆಮೇಲೆ ಪುಷ್-ಪುಲ್-ಲೆಗ್ಸ್ (ತಳ್ಳೋದು, ಎಳೆಯೋದು, ಕಾಲು ಅಂತ ದಿನ ಹಂಚೋದು), ಈಗ ಜಿಮ್‌ನಲ್ಲಿ ಬರೆದುಕೊಟ್ಟ ದಿನಕ್ಕೊಂದು ಅಂಗದ ಶೆಡ್ಯೂಲ್, ವಾರಕ್ಕೆ ಐದು ದಿನ. ಪ್ರೆಸ್‌ಗೆ 35 ಹಾಕಿದರೆ ಎರಡು ರೆಪ್‌ಗೇ ಕೈ ಸೋಲುತ್ತೆ. ಮನೆ ಊಟ, ದಿನಾ ಎರಡು ಮೊಟ್ಟೆ, ವಾರಕ್ಕೆ ಎರಡು ಸಲ ಚಿಕನ್. ಜಿಮ್‌ಗೆ ಹೋಗೋಕೇ ಬೇಜಾರು ಬಂದಿದೆ. ಹೊಸ ಪ್ರೋಗ್ರಾಂ ಹಿಡಿಯಲಾ, ಪ್ರೀ-ವರ್ಕೌಟ್ (ಜಿಮ್‌ಗೆ ಮುಂಚೆ ಕುಡಿಯೋ ಪುಡಿ) ತಗೊಳ್ಳಲಾ?

ಎರಡೂವರೆ ಪ್ಲೇಟು:

ಪ್ರೋಗ್ರಾಂ ಬದಲಿಸಿ ಅನ್ನೋಕೆ ನಿಮ್ಮ ಹತ್ತಿರ ಈಗ ಪ್ರೋಗ್ರಾಂ ಎಲ್ಲಿದೆ? ದಿನಕ್ಕೊಂದು ಅಂಗ ಅಂದ್ರೆ ಸ್ಕ್ವಾಟ್ ವಾರಕ್ಕೆ ಒಂದೇ ಸಲ ಬರುತ್ತೆ. 60 ಕೆಜಿ ಹಂತದಲ್ಲಿ ಇರೋರಿಗೆ ಎರಡು ದಿನದಲ್ಲಿ ಕಾಲು ಚೇತರಿಸಿಕೊಳ್ಳುತ್ತೆ, ಉಳಿದ ಐದು ದಿನ ಸುಮ್ಮನೆ ಹೋಗುತ್ತೆ. ಹುಮ್ಮಸ್ಸು ಇಳಿದಿದ್ದಕ್ಕೂ ಅದೇ ಕಾರಣ ಅಂತ ನನ್ನ ಅನಿಸಿಕೆ. ಅಂಕಿ ಏರದೆ ಇದ್ರೆ ಯಾರಿಗಾದರೂ ಬೇಜಾರೇ.

ಪ್ರೆಸ್ ಲೆಕ್ಕ ನೋಡಿ. ಜಿಮ್‌ನಲ್ಲಿ ಸಿಗೋ ಸಣ್ಣ ಪ್ಲೇಟು ಸಾಮಾನ್ಯವಾಗಿ 2.5 ಕೆಜಿ, ಎರಡೂ ಕಡೆ ಹಾಕಿದ್ರೆ 5. 30ರಿಂದ 35 ಅಂದ್ರೆ ಒಂದೇ ಏಟಿಗೆ ಶೇ. 17ರಷ್ಟು ಏರಿಕೆ. ಅಷ್ಟು ಯಾರ ಭುಜವೂ ಕೊಡಲ್ಲ. ನೀವು ಸೋತಿದ್ದು ಪ್ಲೇಟಿನಿಂದ, ಪ್ರೋಗ್ರಾಂನಿಂದ ಅಲ್ಲ. ಒಂದು ಜೊತೆ 1.25 ಪ್ಲೇಟ್ ಕೊಂಡು ಬ್ಯಾಗಲ್ಲಿ ಇಟ್ಟುಕೊಳ್ಳಿ. ಕೊಳ್ಳೋ ಮುಂಚೆ ರಾಡ್‌ನಲ್ಲಿ ಪ್ಲೇಟು ಕೂರೋ ತುದಿಯ ದಪ್ಪ ಅಳೆಯಿರಿ: ಒಲಿಂಪಿಕ್ ಬಾರ್ ಆದ್ರೆ ಪ್ಲೇಟಿನ ತೂತು 50 ಮಿಮೀ, ತೆಳ್ಳಗಿನ ರಾಡ್ ಆದ್ರೆ 28–30 ಮಿಮೀ, ಒಂದರದ್ದು ಇನ್ನೊಂದಕ್ಕೆ ಕೂರಲ್ಲ. ಹಾಗೇ ಆ ಬಾರ್ ನಿಜವಾಗಲೂ 20 ಕೆಜಿ ಇದೆಯಾ ಅಂತ ತೂಕದ ಮಿಷನ್ ಮೇಲೆ ನಿಲ್ಲಿಸಿ ನೋಡಿ. 12, 15 ಕೆಜಿ ರಾಡನ್ನೂ 20 ಅಂತಲೇ ಲೆಕ್ಕ ಹಾಕೋ ಜಿಮ್‌ಗಳಿವೆ. ಯಾವ ಬಾರ್ ಹಿಡಿದ್ರೂ ಪ್ರತಿ ಸಲ ಅದೇ ಬಾರ್ ಆಗಿರಲಿ.

ಸೋಮ, ಬುಧ, ಶುಕ್ರ, ಮೂರೇ ದಿನ. ಈ ಎರಡನ್ನು ಒಂದಾದ ಮೇಲೊಂದು ಮಾಡ್ತಾ ಹೋಗಿ:

ಎ: ಸ್ಕ್ವಾಟ್ 3×5, ಬೆಂಚ್ 3×5, ಬಾರ್ಬೆಲ್ ರೋ (ಬಗ್ಗಿ ನಿಂತು ಬಾರನ್ನು ಹೊಟ್ಟೆ ಕಡೆ ಎಳೆಯೋದು) 3×8
ಬಿ: ಸ್ಕ್ವಾಟ್ 3×5, ಓವರ್‌ಹೆಡ್ ಪ್ರೆಸ್ 3×5, ಡೆಡ್‌ಲಿಫ್ಟ್ 1×5

ಶುರು ಮಾಡೋದು 60ರಿಂದ ಅಲ್ಲ. ಸ್ಕ್ವಾಟ್ 50, ಬೆಂಚ್ 42.5, ಪ್ರೆಸ್ 25, ಡೆಡ್‌ಲಿಫ್ಟ್ 70. ಸ್ಕ್ವಾಟ್‌ಗೆ ಪ್ರತಿ ಸಲ 2.5 ಸೇರಿಸಿದರೆ ಎರಡನೇ ವಾರದ ಬುಧವಾರ 60 ಬರುತ್ತೆ, ಶುಕ್ರವಾರ 62.5. ಹತ್ತು ಕೆಜಿ ಇಳಿಸೋಕೆ ಮನಸ್ಸು ಒಪ್ಪಲ್ಲ, ಗೊತ್ತು. ಆದ್ರೆ ಆ ನಾಲ್ಕು ಹಗುರ ದಿನಗಳಲ್ಲೇ ಫಾರ್ಮ್, ಅಂದ್ರೆ ಎತ್ತೋ ರೀತಿ, ಸರಿಯಾಗೋದು. ಪ್ರೆಸ್‌ಗೆ ಮಾತ್ರ ತೂಕದ ಬದಲು ಮೊದಲು ರೆಪ್ ಏರಿಸಿ: 25ರಲ್ಲಿ ಮೂರು ಸೆಟ್ ಐದೈದು, ಮುಂದಿನ ಸಲ ಆರಾರು, ಎಂಟೆಂಟು ಆದಾಗ 27.5ಕ್ಕೆ ಹೋಗಿ ಮತ್ತೆ ಐದರಿಂದ. ಒಂದೇ ತೂಕ ಸತತ ಮೂರು ಸಲ ಕೈಕೊಟ್ಟರೆ ಆ ಲಿಫ್ಟ್ ಒಂದನ್ನೇ ಶೇ. 10 ಇಳಿಸಿ, ಮಿಕ್ಕಿದ್ದನ್ನು ಮುಟ್ಟಬೇಡಿ.

ಸೆಟ್ ನಡುವೆ ಎಷ್ಟು ಬಿಡ್ತೀರಿ? ಬರೆದಿಲ್ಲ. ಒಂದು ನಿಮಿಷ ಅಂತಾದ್ರೆ ಅರ್ಧ ಉತ್ತರ ಅಲ್ಲೇ ಇದೆ. ಭಾರದ ಸೆಟ್‌ಗಳಿಗೆ ಕನಿಷ್ಠ ಮೂರು ನಿಮಿಷ, ಒದ್ದಾಡಿ ಎತ್ತಿದ ಸೆಟ್ ಆದ ಮೇಲೆ ಐದು. ಬೆವರು ಆರಿತು ಅಂತ ಗಾಬರಿ ಬೇಡ. ವಾರ್ಮ್‌ಅಪ್ ಅದೇ ಲಿಫ್ಟ್‌ನಲ್ಲಿ: 60 ಎತ್ತೋ ದಿನ ಖಾಲಿ ಬಾರ್ ಐದೈದು ಎರಡು ಸಲ, 35 ಐದು, 45 ಮೂರು, 52.5 ಎರಡು, ಆಮೇಲೆ 60. ಸೋಮವಾರ ಸಂಜೆ ಬೆಂಚ್ ಯಾವ ಜಿಮ್‌ನಲ್ಲೂ ಖಾಲಿ ಸಿಗಲ್ಲ. ಸ್ಕ್ವಾಟ್ ರ‍್ಯಾಕ್ ಖಾಲಿ ಇರುತ್ತೆ, ಅದರಿಂದಲೇ ಶುರು ಮಾಡಿ.

ತಾಲೀಮು:

ತೂಕದ ಲೆಕ್ಕ ಆತು. ಕುಂಡ್ರೂದು ಹೆಂಗ ಅನ್ನೂದು ಯಾರೂ ಕೇಳಲೇ ಇಲ್ಲಲ್ರೀ.

ಮೊಬೈಲ್ ಸೊಂಟದ ಎತ್ತರಕ್ಕ ಇಟ್ಟು, ಪಕ್ಕದಿಂದ ಕೊನೀ ಸೆಟ್ ವಿಡಿಯೋ ತಗೀರಿ. ಮೂರು ನೋಡ್ರಿ. ಒಂದು, ಕೆಳಗ ಹೋದಾಗ ತೊಡಿ ಮಡಚೂ ಜಾಗ ಮಣಕಾಲಿಗಿಂತ ಕೆಳಗ ಹೋಗತೈತೇನು? ತೂಕ ಏರಿದಂಗ ಆಳ ಕಡಿಮಿ ಆಗಾಕತ್ತಿದ್ರ ನಿಮ್ಮ 60 ಅನ್ನೂದು 60 ಅಲ್ಲ, 50 ಇರಬಹುದು. ಎರಡು, ಹಿಮ್ಮಡ ಏಳತಾವೇನು? ಮೆತ್ತನ ಅಡಿ ಇರೂ ಓಟದ ಬೂಟು ಹಾಕ್ಕೊಂಡು ಸ್ಕ್ವಾಟ್ ಮಾಡೂದು ಹಾಸಿಗಿ ಮ್ಯಾಲೆ ನಿಂತು ಮೂಟಿ ಹೊತ್ತಂಗ. ಚಪ್ಪಟಿ ಕ್ಯಾನ್ವಾಸ್ ಬೂಟು ಸಾಕು. ಬೂಟು ಬದಲಿಸಿದ ಮ್ಯಾಲೂ ಎದ್ರ ಪಾದ ಒಂದೆರಡು ಇಂಚು ಅಗಲ ಇಡ್ರಿ, ಬೆರಳು ಸ್ವಲ್ಪ ಹೊರಗ ತಿರುಗಲಿ, ಮಣಕಾಲು ಅದೇ ದಿಕ್ಕಿಗೆ ಹೋಗಲಿ.

ಮೂರನೇದು ಮುಖ್ಯ. ಏಳುವಾಗ ಕುಂಡಿ ಮೊದಲು ಎದ್ದು, ಎದಿ ಆಮ್ಯಾಲೆ ಏಳತೈತೇನು? ಹಂಗಾದ್ರ ಭಾರ ಎಲ್ಲಾ ನಡಕ್ಕ ಬೀಳತೈತಿ. ಕಾಲಿನ್ಯಾಗ ಶಕ್ತಿ ಇದ್ದರೂ ಲಿಫ್ಟ್ ನಿಂತುಬಿಡತೈತಿ. ಇದಕ್ಕ ಉಸಿರು ನೋಡ್ರಿ: ಮ್ಯಾಲೆ ನಿಂತಾಗಲೇ ಹೊಟ್ಟಿ ತುಂಬ ಗಾಳಿ ತಗೊಂಡು, ಯಾರೋ ಹೊಟ್ಟಿಗಿ ಗುದ್ದತಾರ ಅನ್ನೂಹಂಗ ಬಿಗಿ ಮಾಡಿ ಇಳೀರಿ, ಕಷ್ಟದ ಜಾಗ ದಾಟೂತನ ಬಿಡಬ್ಯಾಡ್ರಿ. ಬಿ.ಪಿ. ಇದ್ದವರು ಮೊದಲು ಡಾಕ್ಟರ್‌ನ ಕೇಳ್ರಿ. ರ‍್ಯಾಕಿನ ಸೇಫ್ಟಿ ರಾಡ್ ನಿಮ್ಮ ಕೆಳಗಿನ ಆಳಕ್ಕಿಂತ ಒಂದು ಇಂಚು ತಗ್ಗಿಗೆ ಇರಲಿ. ಬೀಳತೀನಿ ಅನ್ನೂ ಅಂಜಿಕಿ ಹೋದ್ರ ಆಳ ತಾನಾ ಬರತೈತಿ.

ಸ್ಮಿತ್ ಮಷಿನ್‌ನ್ಯಾಗ (ಬಾರ್ ಹಳಿಯೊಳಗ ಮ್ಯಾಲೆ-ಕೆಳಗ ಜಾರೂ ಯಂತ್ರ) ಮಾಡಿದ್ದು ಈ ಲೆಕ್ಕಕ್ಕ ಹಿಡೀಬ್ಯಾಡ್ರಿ.

ಸೋಯಾ ಸಾರು:

ಊಟದ ವಿಷಯ. ಶಕ್ತಿಯ ತಾಲೀಮಿಗೆ ದಿನಕ್ಕೆ ದೇಹದ ಪ್ರತಿ ಕೆಜಿಗೆ 1.6 ಗ್ರಾಂ ಪ್ರೋಟೀನ್ ಅನ್ನೋದು ಒಳ್ಳೆ ಗುರಿ. ನಿಮಗೆ 109, ಅಂದ್ರೆ 110 ಗ್ರಾಂ ಅಂದುಕೊಳ್ಳಿ. ಅನ್ನ, ರೊಟ್ಟಿ, ಬೇಳೆ ಸಾರು ಎಲ್ಲ ಸೇರಿ 40ರ ಹತ್ತಿರ, ಮೊಟ್ಟೆ ಎರಡಕ್ಕೆ 12. ಅರ್ಧ ದಾರಿಯಲ್ಲಿದ್ದೀರಿ. 50 ಗ್ರಾಂ ಒಣ ಸೋಯಾ ಚಂಕ್ಸ್ ನೆನೆಸಿ ಪಲ್ಯಕ್ಕೆ ಹಾಕಿದ್ರೆ 26, ಅರ್ಧ ಲೀಟರ್ ಹಾಲಿಗೆ 16, ಒಂದು ಹಿಡಿ ಶೇಂಗಾಕ್ಕೆ 7–8, ಇನ್ನೊಂದು ಮೊಟ್ಟೆಗೆ 6. ಮುಟ್ಟಿದ ಹಾಗೇ. ಬೆಣ್ಣೆ ದೋಸೆಯಲ್ಲಿ ಹುಡುಕಬೇಡಿ, ಅಲ್ಲಿ ಕ್ಯಾಲೊರಿ ಮಾತ್ರ ಧಾರಾಳ.

ವಾರಕ್ಕೆ ಮೂರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ ನೋಡಿ ಸರಾಸರಿ ಬರೆದಿಡಿ. ಎರಡು ತಿಂಗಳಿಂದ 68ರಲ್ಲೇ ಇದ್ದರೆ ಬಾರ್ ನಿಂತಿದ್ದರಲ್ಲಿ ಆಶ್ಚರ್ಯ ಇಲ್ಲ. ವಾರಕ್ಕೆ ಕಾಲು ಕೆಜಿ ಏರುವಷ್ಟು ತಿನ್ನಿ.

ಪ್ರೀ-ವರ್ಕೌಟ್ ಡಬ್ಬಿಯಲ್ಲಿ ಕೆಲಸ ಮಾಡೋದು ಬಹುಪಾಲು ಕೆಫೀನ್. ಒಂದು ಸ್ಟ್ರಾಂಗ್ ಕಾಫಿ ಸಾಕು, ರಾತ್ರಿ ಜಿಮ್ ಆದ್ರೆ ಅದೂ ಬೇಡ, ನಿದ್ದೆ ಹೋಗುತ್ತೆ. ದುಡ್ಡು ಹಾಕಲೇಬೇಕು ಅಂತಿದ್ರೆ ಕ್ರಿಯಾಟಿನ್ ಮೊನೊಹೈಡ್ರೇಟ್ (ಶಕ್ತಿಯ ತಾಲೀಮಿಗೆ ತಗೊಳ್ಳೋ ಪುಡಿ), ದಿನಕ್ಕೆ 3–5 ಗ್ರಾಂ, ಯಾವ ಹೊತ್ತಿಗಾದ್ರೂ. ಮೊದಲ ವಾರಗಳಲ್ಲಿ ಏರೋ ಒಂದು ಕೆಜಿ ನೀರಿನದು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರ್‌ನ ಕೇಳದೆ ಮುಟ್ಟಬೇಡಿ.

ಕಬ್ಬಿಣದ ಕಡಲೆ:

ಎಲ್ಲರಿಗೂ ಥ್ಯಾಂಕ್ಸ್. ಸೆಟ್ ನಡುವೆ ಒಂದೇ ನಿಮಿಷ ಬಿಡೋದು, ಸರಿಯಾಗಿ ಹಿಡಿದ್ರಿ. ಇನ್ನೆರಡು ಪ್ರಶ್ನೆ. ತಿಂಗಳ ಕೊನೇ ವಾರ ಆಫೀಸ್ ಕೆಲಸದಲ್ಲಿ ಎರಡು ದಿನ ಸಿಕ್ಕರೆ ಹೆಚ್ಚು. ಆಗ ಏನು ಮಾಡೋದು? ಮತ್ತೆ, ವರ್ಷಪೂರ್ತಿ ಅದೇ ಐದು ಲಿಫ್ಟ್ ಬೋರ್ ಆಗಲ್ವಾ? ಇನ್ನೊಂದು, ಡೆಡ್‌ಲಿಫ್ಟ್‌ನಲ್ಲಿ ಎತ್ತೋ ಮುಂಚೆಯೇ ಬೆನ್ನು ಬಗ್ಗುತ್ತೆ.

ಎರಡೂವರೆ ಪ್ಲೇಟು:

ಎರಡು ದಿನ ಸಿಕ್ಕರೆ ಎ ಒಂದು, ಬಿ ಒಂದು. ಒಂದೇ ದಿನ ಸಿಕ್ಕರೆ ಸರದಿಯಲ್ಲಿ ಯಾವುದಿದೆಯೋ ಅದು. ಅರ್ಧ ಗಂಟೆ ಮಾತ್ರ ಇದ್ದರೆ ಸ್ಕ್ವಾಟ್ ಒಂದನ್ನೇ ಮುಗಿಸಿ ಹೊರಡಿ, ಮಿಕ್ಕಿದ್ದನ್ನು ಮುಂದಿನ ದಿನಕ್ಕೆ ತುರುಕಬೇಡಿ. ಒಂದು ವಾರ ತಪ್ಪಿದರೆ ಹಿಂದಿನ ತೂಕವನ್ನೇ ಮತ್ತೆ ಎತ್ತಿ, ಎರಡು ವಾರ ತಪ್ಪಿದರೆ ಶೇ. 10 ಇಳಿಸಿ. ಈ ನಿಯಮವನ್ನು ತೂಕದ ಲೆಕ್ಕ ಬರೆಯೋ ಪುಸ್ತಕದ ಮೊದಲ ಪುಟದಲ್ಲೇ ಬರೆದಿಡಿ. ಬಿಟ್ಟವರು ಬಹಳ ಮಂದಿ ಬಿಡೋದು ಆ ಗ್ಯಾಪ್ ಆದ ಮೇಲೆ, ಹಳೇ ತೂಕ ಹಾಕಿ ಮುಖಭಂಗ ಆಗಿ. ಇನ್ನೊಂದು, ಜಿಮ್‌ನಿಂದ ಹೊರಡೋ ಮುಂಚೆಯೇ ಮುಂದಿನ ದಿನದ ತೂಕ ಬರೆಯಿರಿ. ಮರುದಿನ ಯೋಚಿಸೋಕೆ ಏನೂ ಉಳಿಯಬಾರದು.

ಬೋರ್ ಅಂದ್ರಲ್ಲ: ವೇಟ್‌ಲಿಫ್ಟಿಂಗ್‌ನಲ್ಲಿ ಇರೋದೇ ಎರಡು ಲಿಫ್ಟ್, ಸ್ನ್ಯಾಚ್ (ನೆಲದಿಂದ ಒಂದೇ ಏಟಿಗೆ ತಲೆ ಮೇಲಕ್ಕೆ) ಮತ್ತು ಕ್ಲೀನ್ ಅಂಡ್ ಜರ್ಕ್ (ಮೊದಲು ಹೆಗಲಿಗೆ, ಆಮೇಲೆ ತಲೆ ಮೇಲಕ್ಕೆ). ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ 269 ಎತ್ತಿ ಕಂಚು. ನಾಲ್ಕು ವರ್ಷಕ್ಕೆ ಸ್ಪರ್ಧೆಯ ಮೊತ್ತದಲ್ಲಿ 20 ಕೆಜಿ, ಅದೂ ಒಂದು ವಿಭಾಗ ಮೇಲೆ ಹೋಗಿ. ನಿಮಗೆ ಇನ್ನೂ ವಾರಕ್ಕೆ ಐದು, ಏಳು ಕೆಜಿ ಏರೋ ಕಾಲ. ಅದನ್ನು ಬೋರ್ ಅಂತ ಕಳೆದುಕೊಳ್ಳಬೇಡಿ. ಬದಲಾವಣೆ ಬೇಕೇ ಬೇಕಂದ್ರೆ ಕೊನೆಗೆ ಹತ್ತು ನಿಮಿಷ ಕರ್ಲ್, ಡಿಪ್ಸ್, ಏನು ಬೇಕಾದ್ರೂ ಮಾಡಿಕೊಳ್ಳಿ.

ತಾಲೀಮು:

ಡೆಡ್‌ಲಿಫ್ಟಿಗೆ ಯಾವ ಪ್ಲೇಟ್ ಹಾಕತೀರಿ? ದೊಡ್ಡ ಪ್ಲೇಟ್ 45 ಸೆಂಮೀ ಅಗಲ ಇರತೈತಿ, ಬಾರ್ ನೆಲದಿಂದ 22.5 ಸೆಂಮೀ ಮ್ಯಾಲೆ ನಿಲ್ಲತೈತಿ. ಹತ್ತರ, ಐದರ ಸಣ್ಣ ಪ್ಲೇಟ್ ಹಾಕಿದ್ರ ಬಾರ್ ಭಾಳ ತಗ್ಗಿಗೆ ಬಂದು ಬೆನ್ನು ಬಗ್ಗೂದು ಸಹಜ. ಎರಡೂ ಕಡೆ ಪ್ಲೇಟಿನ ಕೆಳಗ ಅಗಲ ಪ್ಲೇಟ್ ಮಲಗಿಸಿ ಅಥವಾ ಗಟ್ಟಿ ಮರದ ಹಲಗಿ ಇಟ್ಟು, ಬಾರ್ ಮಣಕಾಲಿನಿಂದ ಪಾದದತನಕದ ಅರ್ಧಕ್ಕಿಂತ ಸ್ವಲ್ಪ ಕೆಳಗ ಬರೂಹಂಗ ಮಾಡ್ರಿ. ಬಾರ್ ಪಾದದ ನಡುಮಧ್ಯದ ಮ್ಯಾಲೆ ಇರಲಿ, ಕಾಲಿಗೆ ಒಂದು ಇಂಚು ದೂರ. ಹಿಡದ ಮ್ಯಾಲೆ ಬಾರ್ ಸರಿಸಬ್ಯಾಡ್ರಿ, ಮಣಕಾಲು ಮುಂದ ತಂದು ಕಾಲು ಬಾರಿಗೆ ತಾಗಿಸ್ರಿ, ಎದಿ ಎತ್ತಿ ಎಳೀರಿ. ಇಷ್ಟಾದ ಮ್ಯಾಲೂ ಬಗ್ಗಿದ್ರ 60ಕ್ಕ ಇಳಿಸಿ ವಿಡಿಯೋ ಹಾಕ್ರಿ, ನೋಡೂಣು.