ಈ ವಾರದ ಸಮಸ್ಯೆ: ಸಿಂಗದಾ ಮೊಗಕಾನೆ ಸೊಂಡಿಲು ಬಂದುದೆಲ್ಲಿಂದ

ಉಣಕಲ್ ದಂಡಿ: ನಮ್ಮ ರಾಜ್ಯದ ಲಾಂಛನ ಕಣ್ಣಮುಂದ ಇಟ್ಕೊಂಡು, ಇದು ಕಡೀ ಸಾಲಾಗೂ ಹಂಗ ಪದ್ಯ ತುಂಬ್ರಿ. ರವಿವಾರ ರಾತ್ರಿ ಮಟ.

ಹಾವೇರಿ ಏಲಕ್ಕಿ:
ಸಂಗಡಿಸಿ ನಿಂದೆರಡು ಬಲಗಳು
ಭಂಗವಿಲ್ಲದೆ ಕಾಯುತಿರ್ದೊಡೆ
ಹಿಂಗುವುದೆ ಭೇರುಂಡದೆದೆಯಲಿ ನಾಡ ಕೆಚ್ಚೆಲ್ಲ
ಅಂಗ ಸಿಂಹದ, ಕರವು ಗಜದದು
ಕಂಗಳೆದುರಲಿ ನಿಲಲು ಕೇಳ್ವರೆ
ಸಿಂಗದಾ ಮೊಗಕಾನೆ ಸೊಂಡಿಲು ಬಂದುದೆಲ್ಲಿಂದ

ಸಪ್ತಾಪುರ ಮಾಸ್ತರ: ಪದ್ಯ ನೆಟ್ಟಗದ. ಕುಂಟೂದು ಸಮಸ್ಯೆನ. 'ಸಿಂಗದಾ' ಅಂದ್ರೇನು? ಮಾತ್ರೆ ಸಾಲಲಿಲ್ಲಂತ ದಕಾರ ಎಳದೀರಿ. 'ಸಿಂಗಮೊಗದೊಳಗಾನೆ' ಅಂದಿದ್ರ ಮುಗೀತಿತ್ತು.

ಉಣಕಲ್ ದಂಡಿ: ಸೊಂಡಿಲು ಮೊಗದ ಒಳಗ ಹೋಗ್ತದೇನ್ರಿ ಮಾಸ್ತರ? ಎಳದದ್ದಲ್ಲ ಅದು. ಸಿಂಗದ + ಆ. ಲೋಪಸಂಧಿ ನೆನಪದನೋ ಇಲ್ಲೋ?

ಸಪ್ತಾಪುರ ಮಾಸ್ತರ: ನಿಮ್ಮಂಥಾವರಿಗೆ ಅದನ್ನ ಹೇಳಿಕೊಟ್ಟ ಪಿಂಚಣಿ ತಗೊಂಡಾವ ನಾನು. 'ಆ' ಅಂದ್ರ ಯಾವ ಮೊಗ? ಮೊದಲೊಮ್ಮೆ ಮಾತು ಬಂದಿರಬೇಕು, ಇಲ್ಲಾ ಬೆರಳು ಮಾಡಿ ತೋರಿಸಬೇಕು. ಹೋದ ದೀಪಾವಳಿಗೂ ಹಿಂಗ ಒಂದು 'ಆ' ನುಗ್ಗಿಸಿದ್ರಿ.

ಉಣಕಲ್ ದಂಡಿ: ತೋರಿಸೇನಲ್ಲ! ಕೆಂಪು ಗುರಾಣಿ, ನಡುವ ಬಿಳಿ ಗಂಡಭೇರುಂಡ. ಅದರ ಎರಡೂ ಬಾಜೂಕ ಹಳದಿ ಮೈ, ಕೆಂಪು ಕೇಸರ, ಹಸಿರು ಎಲಿ ಮ್ಯಾಲೆ ಕಾಲು. ಆ ಮೊಗ.

ಗದಗಿನ ಮೊಳೆಜೋಡಕ: ಲಕೋಟಿ ಮ್ಯಾಲಿಂದು ಮಾತ್ರ ನೋಡಬ್ಯಾಡ್ರಿ. ಸಣ್ಣ ಬ್ಲಾಕಿನ್ಯಾಗ ಸೊಂಡಿಲ ಸುರುಳಿಗೆ ಮಸಿ ತುಂಬಿ, ನಾಲಗಿ ಚಾಚಿದ ನಾಯಿ ಆಗ್ತದ. ಎಷ್ಟು ಸಲ ಸೂಜಿಲೆ ಕೆರದೀನಿ.

ಹಾವೇರಿ ಏಲಕ್ಕಿ: ಅದಕ್ಕ ಶರಭ ಅಂತಾರಲ್ರಿ?

ಗದಗಿನ ಮೊಳೆಜೋಡಕ: ಅಂತಾರ. ಪುರಾಣದ ಶರಭಗ ಎಂಟು ಕಾಲು, ರೆಕ್ಕಿ. ನರಸಿಂಹನ ಉಗ್ರ ಇಳಸಾಕ ಶಿವ ತಾಳಿದ ರೂಪ. ಆ ಶರಭನ್ನ ಬಡಿಯಾಕ ನರಸಿಂಹ ಗಂಡಭೇರುಂಡ ಆದ ಅಂತ ವೈಷ್ಣವರ ಕಥಿ. ಅಂದ್ರ ಹಕ್ಕಿಗೆ ಎಡಬಲ ವೈರಿಗಳೇ ಕಾವಲು! ನಾನಂತೂ ಗಜಕೇಸರಿ ಅಂತೀನಿ.

ಸಪ್ತಾಪುರ ಮಾಸ್ತರ:
ಹಂಗಿಲದ ಹುಬ್ಬಳ್ಳಿ ಪೇಟೆಯ
ರಂಗು ರಾಗದ ಧಾರವಾಡವ
ಹಿಂಗದಂತೆಯೆ ಹೊಲಿದರೊಂದೇ ಪಾಲಿಕೆಯ ಮೈಗೆ
ಸಿಂಗ ನಾನೆನೆ ಪೇಟೆ, ಕೇಳಿತು
ತುಂಗವಿದ್ಯೆಯ ತವರು ಮೆಲ್ಲಗೆ:
ಸಿಂಗದಾ ಮೊಗಕಾನೆ ಸೊಂಡಿಲು ಬಂದುದೆಲ್ಲಿಂದ

ಹಾವೇರಿ ಏಲಕ್ಕಿ: ಭೇಷ್.

ಉಣಕಲ್ ದಂಡಿ: ಬೈದ ಸಾಲಿಗೇ ಪದ್ಯ ಕಟ್ಟೀರಿ, 'ದಾ' ಸುದ್ದಾ ಹಂಗ ಇಟ್ಟು. ಮತ್ತ 1962ರಾಗ ಹೊಲದದ್ದನ್ನ ಬಿಚ್ಚಾಕ 2025ರಾಗ ಸಂಪುಟ ಒಪ್ಪೇದ. ನಿಮ್ಮ ತಲಿಗೆ ಬ್ಯಾರೆ ಮೈ ಬರೂದೈತಿ, ಪದ್ಯ ಹಳೇದಾತು.

ಸಪ್ತಾಪುರ ಮಾಸ್ತರ: ಕೊಟ್ಟ ಸಾಲು ತಿದ್ದೂದು ಆಟದ ಮರ್ಯಾದಿ ಅಲ್ಲ. ಹಂಗಂತ 'ದಾ' ಸರಿ ಅಂದಂಗಾಗಲಿಲ್ಲ.

ಗದಗಿನ ಮೊಳೆಜೋಡಕ: ಇಬ್ರೂ ಸುಮ್ಮನಾಗ್ರಿ. ಈ ಭಾಮಿನಿ ಷಟ್ಪದಿ ಧಾಟಿ, ಕುಮಾರವ್ಯಾಸ ಕುಂತು ಭಾರತ ಬರದ ನಮ್ಮ ವೀರನಾರಾಯಣ ಗುಡಿ ಕಂಬದ್ದು.

ಉಣಕಲ್ ದಂಡಿ: ಕುಮಾರವ್ಯಾಸನ ಊರು ಕೋಳಿವಾಡ. ಹುಬ್ಬಳ್ಳಿ ತಾಲ್ಲೂಕು.

ಗದಗಿನ ಮೊಳೆಜೋಡಕ: ಊರು ಅಲ್ಲಿ, ಕಾವ್ಯ ಇಲ್ಲಿ. ಇರ್ಲಿ. ವಿಜಯನಗರದ ಅಚ್ಯುತರಾಯನ ನಾಣ್ಯದಾಗ ಇದೇ ಹಕ್ಕಿ ಕೊಕ್ಕಿನ್ಯಾಗ ಆನಿ ಕಚ್ಚಿ ಹಿಡದದ. ಹಾರಾಡುವಾಗ ಒಂದು ಸೊಂಡಿಲು ಉದರಿ, ಕೆಳಗ ಮಲಗಿದ್ದ ಸಿಂಹದ ಮೂತಿಗೆ ಬಿದ್ದು ಅಂಟಿಕೊಂಡಿತು ಅಂತ ಮೂರು ಸಾಲು ಆಗ್ಯಾವ. ನಾಲ್ಕನೇದು 'ಬೆಂಗಳೂರಿನ' ಅಂತ ಹಿಡದೀನಿ.

ಸಪ್ತಾಪುರ ಮಾಸ್ತರ: 'ಬೆಂಗಳೂರಿನಾ' ಅಂತ ಎಳೀಬ್ಯಾಡ್ರಿ ಮತ್ತ.