ಮರಗೆಲಸದ ಧೂಳಿನಿಂದ ಶ್ವಾಸಕೋಶವನ್ನು ಕಾಪಾಡಿಕೊಳ್ಳುವುದು: ಎದೆರೋಗ ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಸಕಲೇಶಪುರದ ಕಾಫಿ ಬೆಳೆಗಾರರಿಂದ): ನನಗೆ 47 ವರ್ಷ. ಎರಡು ವರ್ಷಗಳಿಂದ ಮನೆಯ ಹಿಂದಿನ ಶೆಡ್ಡಿನಲ್ಲಿ ಹವ್ಯಾಸಕ್ಕಾಗಿ ಮರಗೆಲಸ ಮಾಡುತ್ತಿದ್ದೇನೆ. ತೋಟದಲ್ಲಿ ಕಡಿದ ಸಿಲ್ವರ್ (ಸಿಲ್ವರ್ ಓಕ್) ಮರದ ಹಲಗೆ ಮತ್ತು ಕಿತ್ತ ಹಳೆಯ ಕಾಫಿ ಗಿಡದ ಬುಡಗಳಿಂದ ಟೀಪಾಯಿ, ಸ್ಟೂಲುಗಳನ್ನು ಮಾಡುತ್ತೇನೆ. ಟೇಬಲ್ ಗರಗಸವೂ ಸ್ಯಾಂಡಿಂಗ್ ಯಂತ್ರವೂ ಇವೆ. ಮಳೆಗಾಲದಲ್ಲಿ ಎರಚಲು ಒಳಬರುವುದರಿಂದ ಬಾಗಿಲು, ಕಿಟಕಿ ಮುಚ್ಚಿಕೊಂಡೇ ಕೆಲಸ ಮಾಡುತ್ತೇನೆ. ಮೂಗಿಗೆ ಟವೆಲ್ ಕಟ್ಟಿಕೊಳ್ಳುತ್ತೇನೆ. ಕಳೆದ ಮಳೆಗಾಲದಿಂದ ರಾತ್ರಿ ಹೊತ್ತು ಕೆಮ್ಮು. ಮೈಸೂರಿನ ನೆಂಟರ ಮನೆಯಲ್ಲಿ ಒಂದು ವಾರ ಇದ್ದಾಗ ಕೆಮ್ಮು ಬಹುತೇಕ ನಿಂತಿತ್ತು. ಇದು ಧೂಳಿನಿಂದಲೇ ಬಂದಿರಬಹುದೇ? ಟವೆಲ್ ಸಾಲದೇ?

ಉತ್ತರ: ಮೈಸೂರಿನಲ್ಲಿ ಕೆಮ್ಮು ನಿಂತಿತ್ತು ಎಂಬ ಮಾತೇ ನಿಮ್ಮ ಪತ್ರದ ಅತ್ಯಂತ ಮುಖ್ಯ ಭಾಗ. ಕೆಲಸದ ದಿನಗಳಲ್ಲಿ ಸಂಜೆಗೋ ರಾತ್ರಿಗೋ ಹೆಚ್ಚುವ, ಊರು ಬಿಟ್ಟಾಗ ಇಳಿಯುವ ಕೆಮ್ಮನ್ನು ಕಂಡರೆ, ಮರದ ಧೂಳಿನಿಂದ ಬರುವ ಅಸ್ತಮಾವನ್ನು ನಾವು ಮೊದಲು ಅನುಮಾನಿಸುತ್ತೇವೆ. ಧೂಳು ಕುಡಿದ ಕೂಡಲೇ ಕೆಮ್ಮು ಬರಲೇಬೇಕೆಂದಿಲ್ಲ. ಹಲವರಲ್ಲಿ ಅದು ಕೆಲವು ಗಂಟೆ ತಡವಾಗಿ ಬರುವುದರಿಂದ, ಹಗಲಿನ ಕೆಲಸಕ್ಕೂ ರಾತ್ರಿಯ ಕೆಮ್ಮಿಗೂ ಸಂಬಂಧವಿದೆಯೆಂದು ರೋಗಿಗೆ ಹೊಳೆಯುವುದೇ ಇಲ್ಲ.

ಮಲೆನಾಡಿನವರಾದ್ದರಿಂದ ಇನ್ನೊಂದನ್ನೂ ಕೇಳಬೇಕು. ಮಳೆಗಾಲದಲ್ಲಿ ರಾಶಿ ಹಾಕಿದ ಹಸಿ ಹಲಗೆಗೆ ಬೂಷ್ಟು ಹಿಡಿಯುತ್ತದೆ. ಅಂಥ ಮರವನ್ನು ಕೊಯ್ದಾಗ ಧೂಳಿನ ಜೊತೆ ಶಿಲೀಂಧ್ರದ ಬೀಜಕಣಗಳೂ ಒಳಹೋಗುತ್ತವೆ. ಕೆಲಸ ಮುಗಿಸಿ 4ರಿಂದ 8 ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು, ಒಣಕೆಮ್ಮು, ಏದುಸಿರು ಬಂದು ಒಂದೆರಡು ದಿನಕ್ಕೆ ಇಳಿದರೆ, ಅದನ್ನು ಶೀತಜ್ವರವೆಂದು ತಳ್ಳಿಹಾಕಬೇಡಿ. ಅದು ಶ್ವಾಸಕೋಶದ ಒಳಪದರವೇ ಅಲರ್ಜಿಯಿಂದ ಊದಿಕೊಳ್ಳುವ ಕಾಯಿಲೆಯಾಗಿರಬಹುದು. ಅದು ಮತ್ತೆ ಮತ್ತೆ ಬಂದರೆ ಶ್ವಾಸಕೋಶದಲ್ಲಿ ಶಾಶ್ವತ ಕಲೆಗಟ್ಟುವ ಅಪಾಯವಿದೆ.

ಏನೇ ಇರಲಿ, ಎರಡು ವಾರ ಮೀರಿದ ಕೆಮ್ಮಿಗೆ ನಮ್ಮ ದೇಶದಲ್ಲಿ ಮೊದಲು ಕಫ ಪರೀಕ್ಷೆ ಮಾಡಿಸಿ ಕ್ಷಯವಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ. ಅನಂತರ ಸ್ಪೈರೋಮೆಟ್ರಿ, ಅಂದರೆ ಯಂತ್ರಕ್ಕೆ ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ, ಮಾಡಿಸಿ. ಕೆಮ್ಮಿಲ್ಲದ ದಿನ ಅದು ಸರಿಯಾಗಿಯೇ ಬರಬಹುದಾದ್ದರಿಂದ, ಉಸಿರನ್ನು ಎಷ್ಟು ರಭಸವಾಗಿ ಊದಬಲ್ಲಿರಿ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆಯನ್ನು ಕೊಂಡು, ಎರಡು ವಾರ ಶೆಡ್ಡಿನಲ್ಲಿ ಎಂದಿನಂತೆ ಕೆಲಸ ಮಾಡುತ್ತಲೂ ಇನ್ನೆರಡು ವಾರ ಶೆಡ್ಡಿನತ್ತ ಸುಳಿಯದೆಯೂ, ದಿನಕ್ಕೆ ನಾಲ್ಕು ಬಾರಿ ಊದಿ ಬರೆದಿಡಿ. ಪ್ರತಿ ಬಾರಿಯೂ ಮೂರು ಸಲ ಊದಿ, ಹೆಚ್ಚು ಬಂದ ಅಂಕಿಯನ್ನು ಬರೆಯಬೇಕು. ಆದರೆ ಈ ನಡುವೆ ಉಬ್ಬಸ ಜೋರಾದರೆ, ಅಥವಾ ಮೇಲೆ ಹೇಳಿದ ಜ್ವರ ಕಾಣಿಸಿಕೊಂಡರೆ, ಅಳತೆಗಾಗಿ ಕೆಲಸ ಮುಂದುವರಿಸದೆ ಅಂದೇ ವೈದ್ಯರನ್ನು ಕಾಣಿ.

ಟವೆಲ್ ಸಾಲದು. ಬಟ್ಟೆಯ ನೇಯ್ಗೆ ತಡೆಯುವುದು ಕಣ್ಣಿಗೆ ಕಾಣುವ ಹೊಟ್ಟನ್ನು. ಮೀಸೆಗೆ, ಹುಬ್ಬಿಗೆ ಅಂಟುವ ಆ ಹೊಟ್ಟನ್ನು ಮೂಗೇ ಹಿಡಿದು ಹೊರಹಾಕುತ್ತದೆ. ಮನುಷ್ಯನ ಕೂದಲು ಸುಮಾರು 70 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ದಪ್ಪವಿರುತ್ತದೆ. 10 ಮೈಕ್ರಾನಿಗಿಂತ ಸಣ್ಣ ಕಣ ಶ್ವಾಸನಾಳಕ್ಕೆ ಇಳಿಯುತ್ತದೆ, ಅದಕ್ಕೂ ನಾಲ್ಕು ಪಾಲು ಸಣ್ಣದು ಗಾಳಿಗೂಡುಗಳವರೆಗೆ ಹೋಗುತ್ತದೆ. ನಿಶ್ಚಲ ಗಾಳಿಯಲ್ಲಿ 10 ಮೈಕ್ರಾನಿನ ಕಣ ತಲೆಯೆತ್ತರದಿಂದ ನೆಲಕ್ಕಿಳಿಯಲು ಸುಮಾರು 10 ನಿಮಿಷ ಬೇಕಾದರೆ, 1 ಮೈಕ್ರಾನಿನ ಕಣಕ್ಕೆ ಹಲವು ಗಂಟೆಗಳೇ ಬೇಕು. ಯಂತ್ರ ನಿಲ್ಲಿಸಿ, ಟವೆಲ್ ಬಿಚ್ಚಿ, ಅದೇ ಶೆಡ್ಡಿನಲ್ಲಿ ಕೂತು ಕಾಫಿ ಕುಡಿಯುವ ಹೊತ್ತಿನಲ್ಲಿ ನೀವು ಉಸಿರಾಡುತ್ತಿರುವುದು ಆ ಕಣಗಳನ್ನೇ.

ಪ್ರಶ್ನೆ (ಚಿಕ್ಕಮಗಳೂರಿನಿಂದ): ಯಾವ ಮರದ ಧೂಳು ಹೆಚ್ಚು ಅಪಾಯಕರ? ಹಲಸು, ತೇಗದಂಥ ನಾಟಿ ಮರಕ್ಕೆ ಭಯವಿಲ್ಲ, ಪ್ಲೈವುಡ್ಡಿಗೆ ಮಾತ್ರ ಎಚ್ಚರಿಕೆ ಬೇಕು ಎನ್ನುತ್ತಾರಲ್ಲ?

ಉತ್ತರ: ಆ ನಂಬಿಕೆ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಧೂಳನ್ನೇ 1995ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಮೊದಲನೇ ಗುಂಪಿಗೆ ಸೇರಿಸಿತು. ಇಂಗ್ಲೆಂಡಿನ ಹೈ ವಿಕಂಬ್ ಸುತ್ತಲಿನ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಕುಳಿಯ ಅಪರೂಪದ ಕ್ಯಾನ್ಸರ್ ಅಸಹಜವಾಗಿ ಹೆಚ್ಚಿರುವುದನ್ನು ಅಲ್ಲಿನ ವೈದ್ಯರು 1960ರ ದಶಕದಲ್ಲಿಯೇ ಗುರುತಿಸಿದ್ದರು. ಅವರು ದಶಕಗಟ್ಟಲೆ ಗಟ್ಟಿ ಮರದ ಧೂಳಿನಲ್ಲಿ ದುಡಿದವರು. ಭಾನುವಾರ ಮಾತ್ರ ಉಳಿ ಹಿಡಿಯುವವರಿಗೆ ಆ ಪ್ರಮಾಣದ ಅಪಾಯವಿಲ್ಲ. ಆದರೂ ಒಂದೇ ಹೊಳ್ಳೆ ಸದಾ ಕಟ್ಟಿಕೊಂಡಿದ್ದರೆ ಅಥವಾ ಅದರಿಂದ ರಕ್ತ ಬರುತ್ತಿದ್ದರೆ ಮೂಗಿನ ತಜ್ಞರಿಗೆ ತೋರಿಸಿ.

ತೇಗ, ಬೀಟೆ, ಸಿಲ್ವರ್ ಈ ಮೂರರಲ್ಲಿಯೂ ಚರ್ಮಕ್ಕೆ ಅಲರ್ಜಿ ತರುವ ರಾಸಾಯನಿಕಗಳು ಸಹಜವಾಗಿಯೇ ಇವೆ. ಬೀಟೆ ಕೊಯ್ದ ದಿನ ಮುಂಗೈ, ಕುತ್ತಿಗೆ ತುರಿಸಿದರೆ ಅದನ್ನು ಎಚ್ಚರಿಕೆಯೆಂದೇ ತಿಳಿಯಿರಿ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಧೂಳು ಬಹಳ ನುಣುಪು, ಜೊತೆಗೆ ಅದರ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಎಂಬ ಹಾನಿಕಾರಕ ರಾಸಾಯನಿಕ ಇರುತ್ತದೆ. ಮನೆಯೊಳಗಿನ ಶೆಡ್ಡಿನಲ್ಲಿ ಅದನ್ನು ಕೊಯ್ಯುವುದೇ ಬೇಡವೆಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿಯೇ ಅಳತೆಗೆ ಕತ್ತರಿಸಿ ತನ್ನಿ.

ಪ್ರಶ್ನೆ (ಹಾಸನದಿಂದ): ಧೂಳು ಹೀರುವ ದೊಡ್ಡ ಯಂತ್ರ ಕೊಳ್ಳುವ ಶಕ್ತಿ ನನಗಿಲ್ಲ. ಒಳ್ಳೆಯ ಮಾಸ್ಕ್ ಒಂದಿದ್ದರೆ ಸಾಕಲ್ಲವೇ?

ಉತ್ತರ: ಮಾಸ್ಕ್ ಬೇಕೇಬೇಕು, ಆದರೆ ಅದು ಕೊನೆಯ ಬಾಗಿಲು. ನೀವು ಮಾಸ್ಕ್ ಧರಿಸಿ ಎಬ್ಬಿಸಿದ ಧೂಳು ಸಂಜೆ ಶೆಡ್ಡಿಗೆ ಬರುವ ಮಗುವಿಗೂ, ನಿಮ್ಮ ಅಂಗಿ ಒಗೆಯುವವರಿಗೂ ತಗಲುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಷ್ ಮರದ ಧೂಳಿಗೆ ಶಿಫಾರಸು ಮಾಡಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ 1 ಮಿಲಿಗ್ರಾಂ. ಐರೋಪ್ಯ ಒಕ್ಕೂಟ ಗಟ್ಟಿ ಮರದ ಧೂಳಿಗೆ 2023ರಿಂದ ಇಟ್ಟಿರುವುದು 2 ಮಿಲಿಗ್ರಾಂ. ಹತ್ತು ಅಡಿ ಅಗಲ, ಹದಿಮೂರು ಅಡಿ ಉದ್ದದ ಶೆಡ್ಡಿನಲ್ಲಿ ಸುಮಾರು 30 ಘನ ಮೀಟರ್ ಗಾಳಿ ಇರುತ್ತದೆ. ಅಲ್ಲಿ ಒಂದು ಚಿಟಿಕೆ ಉಪ್ಪಿನ ಹತ್ತನೇ ಒಂದು ಪಾಲಿನಷ್ಟು ಧೂಳು ಗಾಳಿಯಲ್ಲಿ ತೇಲಿದರೆ ಆ 1 ಮಿಲಿಗ್ರಾಂ ಮಿತಿ ಮುಟ್ಟಿದಂತೆ. ಆದ್ದರಿಂದ ಧೂಳು ಗಾಳಿಗೆ ಸೇರುವ ಮೊದಲೇ ಅದನ್ನು ಹಿಡಿಯಬೇಕು.

ಅದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ತೋಪಡದಿಂದ (ಮರ ಹೆರೆಯುವ ಕೈ ಉಪಕರಣ) ಬರುವ ಸುರುಳಿ ಹೊಟ್ಟು ಶ್ವಾಸಕೋಶಕ್ಕೆ ಇಳಿಯುವಂಥದ್ದಲ್ಲ. ಅತಿ ಸೂಕ್ಷ್ಮ ಧೂಳನ್ನು ಎಬ್ಬಿಸುವುದು ಸ್ಯಾಂಡಿಂಗ್ ಯಂತ್ರ. ತೋಪಡದಲ್ಲಿ ನಯ ಮಾಡಲು ಕಲಿತವರಿಗೆ ಉಪ್ಪುಕಾಗದದ ಕೆಲಸ ಬಹಳ ಕಡಿಮೆಯಾಗುತ್ತದೆ. ಸ್ಯಾಂಡಿಂಗ್ ಅನಿವಾರ್ಯವಾದಾಗ ಯಂತ್ರದ ಬಾಯಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ನೇರವಾಗಿ ಜೋಡಿಸಿ, ವ್ಯಾಕ್ಯೂಮಿನೊಳಗೆ ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಹಾಕಿ. ಯಂತ್ರದ ಜೊತೆ ಬರುವ ಬಟ್ಟೆಯ ಚೀಲ ದಪ್ಪ ಧೂಳನ್ನು ಇಟ್ಟುಕೊಂಡು ಸೂಕ್ಷ್ಮ ಧೂಳನ್ನು ನಿಮ್ಮ ಮುಖದ ಬಳಿಯೇ ಊದುತ್ತದೆ. ಮಳೆಯಿಲ್ಲದ ದಿನ ಸ್ಯಾಂಡಿಂಗನ್ನು ಅಂಗಳಕ್ಕೇ ತನ್ನಿ, ಗಾಳಿ ಮಗ್ಗುಲಿನಿಂದ ಬಂದು ಧೂಳನ್ನು ಆಚೆಗೆ ಒಯ್ಯುವಂತೆ ನಿಂತುಕೊಳ್ಳಿ. ಒಣ ನೆಲವನ್ನು ಗುಡಿಸುವುದು, ಕಂಪ್ರೆಸರಿನಿಂದ ಬಟ್ಟೆಗೆ ಗಾಳಿ ಹೊಡೆದುಕೊಳ್ಳುವುದು ಇವೆರಡನ್ನೂ ಇಂದಿನಿಂದಲೇ ಬಿಡಿ. ಒದ್ದೆ ಬಟ್ಟೆಯಿಂದ ಒರೆಸಿ.

ಮಾಸ್ಕ್ ಕೊಳ್ಳುವಾಗ ಎನ್95 ಅಥವಾ ನಮ್ಮ ಐಎಸ್ 9473 ಮಾನದಂಡದ ಎಫ್ಎಫ್‌ಪಿ2 ಎಂಬ ಗುರುತು ನೋಡಿ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಇರುವುದು ಮುಖಕ್ಕೆ ಹೆಚ್ಚು ಬಿಗಿಯಾಗಿ ಕೂರುತ್ತದೆ. ಗಡ್ಡವಿದ್ದರೆ ಎಷ್ಟು ಬೆಲೆಯ ಮಾಸ್ಕ್ ಆದರೂ ಅಂಚಿನಿಂದ ಗಾಳಿ ನುಸುಳುತ್ತದೆ. ಪಾಲಿಶ್, ಥಿನ್ನರುಗಳ ಆವಿಯನ್ನು ಈ ಮಾಸ್ಕ್ ತಡೆಯುವುದಿಲ್ಲ.

ಪ್ರಶ್ನೆ (ಬೇಲೂರಿನಿಂದ): ಕೆಲಸ ಮುಗಿದ ಮೇಲೆ ಬೆಲ್ಲ ತಿಂದರೆ ಎದೆಯ ಧೂಳು ಹೋಗುತ್ತದೆ ಎಂದು ನಮ್ಮ ತಂದೆ ಹೇಳುತ್ತಿದ್ದರು.

ಉತ್ತರ: ಬೆಲ್ಲ ಅನ್ನನಾಳದಲ್ಲಿ ಹೊಟ್ಟೆಗೆ ಹೋಗುತ್ತದೆ, ಧೂಳು ಇರುವುದು ಶ್ವಾಸನಾಳದಲ್ಲಿ. ಗಂಟಲಿನ ಕೆರೆತ ಕಡಿಮೆಯಾದಂತೆ ಅನ್ನಿಸುವುದರಿಂದ ಹಿರಿಯರಲ್ಲಿ ಈ ನಂಬಿಕೆ ಬೆಳೆದಿರಬೇಕು. ಶ್ವಾಸನಾಳದಲ್ಲಿರುವ ಸೂಕ್ಷ್ಮ ರೋಮಗಳು ಕಫದ ಜೊತೆ ಧೂಳನ್ನು ಮೇಲಕ್ಕೆ ತಳ್ಳುತ್ತವೆ. ಬೀಡಿ, ಸಿಗರೇಟು ಆ ರೋಮಗಳನ್ನೇ ಜಡಗೊಳಿಸುತ್ತವೆಯಾದ್ದರಿಂದ, ಬೆಲ್ಲ ತಿನ್ನುವುದಕ್ಕಿಂತ ಬೀಡಿ ಬಿಡುವುದು ನಿಮ್ಮ ಎದೆಗೆ ಸಾವಿರ ಪಾಲು ಮೇಲು.

ಪ್ರಶ್ನೆ (ಸಕಲೇಶಪುರದ ಬೆಳೆಗಾರರಿಂದ ಮತ್ತೆ): ತಾವು ಹೇಳಿದಂತೆ ಪರೀಕ್ಷೆ ಮಾಡಿಸಿದೆ. ಕ್ಷಯವಿಲ್ಲ. ಮೀಟರಿನ ಅಂಕಿ ಕೆಲಸದ ವಾರಗಳಲ್ಲಿ ಇಳಿಯಿತು, ಬಿಡುವಿನ ವಾರಗಳಲ್ಲಿ ಏರಿತು. ಅಸ್ತಮಾ ಎಂದು ಇಲ್ಲಿನ ವೈದ್ಯರು ಇನ್‌ಹೇಲರ್ ಕೊಟ್ಟಿದ್ದಾರೆ. ಅದನ್ನು ತೆಗೆದುಕೊಳ್ಳುತ್ತ ಕೆಲಸ ಮುಂದುವರಿಸಬಹುದೇ?

ಉತ್ತರ: ಇನ್‌ಹೇಲರ್ ತಪ್ಪದೆ ತೆಗೆದುಕೊಳ್ಳಿ, ಆದರೆ ಅದರ ಬಲದ ಮೇಲೆ ಧೂಳಿನಲ್ಲಿ ನಿಲ್ಲಬೇಡಿ. ಒಮ್ಮೆ ಅಲರ್ಜಿ ನೆಲೆಯೂರಿದ ಶ್ವಾಸನಾಳ, ಬೇರೆಯವರಿಗೆ ಏನೂ ಮಾಡದಷ್ಟು ಅಲ್ಪ ಧೂಳಿಗೂ ಬಿಗಿಯುತ್ತದೆ. ಒಡ್ಡಿಕೊಳ್ಳುವುದು ಮುಂದುವರಿದಷ್ಟೂ ಅದು ಕೆಲಸ ಬಿಟ್ಟ ಮೇಲೂ ವಾಸಿಯಾಗದೆ ಉಳಿಯುವ ಸಂಭವ ಹೆಚ್ಚು. ನಿಮಗಿದು ಹೊಟ್ಟೆಪಾಡಲ್ಲ, ಹವ್ಯಾಸ. ಹಾಗಾಗಿ ಈ ಮಳೆಗಾಲ ಮುಗಿಯುವವರೆಗೆ ಗರಗಸ, ಸ್ಯಾಂಡಿಂಗ್ ಎರಡನ್ನೂ ಪೂರ್ತಿ ನಿಲ್ಲಿಸಿ. ಮಳೆ ಬಿಟ್ಟ ಮೇಲೆ ಬೂಷ್ಟು ಹಿಡಿದ ಹಲಗೆಗಳನ್ನು ಶೆಡ್ಡಿನಿಂದ ಹೊರಹಾಕಿಸಿ, ಉಳಿದವುಗಳ ನಡುವೆ ಅಡ್ಡಪಟ್ಟಿ ಕೊಟ್ಟು ಗಾಳಿಯಾಡುವಂತೆ ಪೇರಿಸಿ. ನಿಮ್ಮ ವೈದ್ಯರು ಒಪ್ಪಿದರೆ ಅಂಗಳದಲ್ಲಿ, ಮಾಸ್ಕ್ ಧರಿಸಿ, ಕೈಗರಗಸ ಮತ್ತು ತೋಪಡದಿಂದ ಅರ್ಧ ಗಂಟೆಯ ಕೆಲಸದೊಂದಿಗೆ ಆರಂಭಿಸಿ. ಅಂದು ರಾತ್ರಿ ಮತ್ತು ಮರುದಿನ ಬೆಳಿಗ್ಗೆ ಮೀಟರಿನಲ್ಲಿ ಊದಿ ಬರೆದಿಡಿ. ಯಾವ ಮರ ಮುಟ್ಟಿದಿರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಸಿಲ್ವರ್ ಮುಟ್ಟಿದ ದಿನಗಳಲ್ಲೆಲ್ಲ ಅಂಕಿ ಇಳಿಯುವುದು ಕಂಡರೆ, ಆ ಮರವನ್ನು ಕೊಯ್ಯುವ ಕೆಲಸವನ್ನು ಬಿಟ್ಟೇಬಿಡಿ.