ಕ್ಯಾಮ್ ಶಾಫ್ಟ್‌ನ ‘ಡ್ಯುರೇಶನ್’ಗೆ ‘ಅವಧಿ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನ ಗೆಳೆಯನ ಗ್ಯಾರೇಜ್ ಇದೆ. ಹಳೆ ಪೆಟ್ರೋಲ್ ಕಾರಿಗೆ ಪಿಕಪ್ ಜಾಸ್ತಿ ಬರೋ ಕ್ಯಾಮ್ ಹಾಕಿಕೊಡಿ ಅಂತ ಹುಡುಗರು ಬರುತ್ತಾರೆ. ಕ್ಯಾಮ್ ಅಂದರೆ ಎಂಜಿನ್ನಿಗೆ ಗಾಳಿ ಬಿಡುವ, ಹೊಗೆ ಹೊರಹಾಕುವ ವಾಲ್ವ್‌ಗಳನ್ನು (ಬಾಗಿಲುಗಳನ್ನು) ತೆರೆಯುವ ದಂಡ. ಎಲ್ಲವೂ ದಿನಾ ಕೆಲಸಕ್ಕೆ ಓಡುವ ಗಾಡಿಗಳೇ. ‘ಯಾವ ಕ್ಯಾಮ್ ಆರಿಸಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡು, ಗೋಡೆಗೆ ಅಂಟಿಸ್ತೀನಿ’ ಅಂದ ಗೆಳೆಯ. ಬರೆಯಲು ಕೂತರೆ ಮೂರನೇ ಸಾಲಿಗೇ ತಡವರಿಸಿದೆ.

ಕ್ಯಾಮ್ ಮೇಲಿನ ಉಬ್ಬಿಗೆ, ಅಂದರೆ ಲೋಬ್‌ಗೆ, ಕನ್ನಡ ಪದ ಹುಡುಕಲು ತೊಂದರೆ ಆಗಲಿಲ್ಲ. ಅಲ್ಲಿಯ ಮಿಸ್ತ್ರಿ ಹಳೆಯ ಕ್ಯಾಮ್ ಮೇಲೆ ಉಗುರು ಆಡಿಸಿ, ‘ಡುಬ್ಬ ಸವದೈತಿ ನೋಡ್ರಿ’ ಅಂದರು. ಇದಕ್ಕಿಂತ ಒಳ್ಳೆಯ ಪದ ಬೇಕೇ? ಲಿಫ್ಟ್ ಅಂದರೆ ಆ ಡುಬ್ಬ ವಾಲ್ವನ್ನು ಎಷ್ಟು ಮಿಲಿಮೀಟರ್ ಎತ್ತುತ್ತದೆ ಅನ್ನುವುದು. ಅದಕ್ಕೆ ‘ಏರು’ ಎಂದು ಬರೆದೆ.

ಸಿಕ್ಕಿಕೊಂಡದ್ದು ಡ್ಯುರೇಶನ್ ಹತ್ತಿರ. ವಾಲ್ವ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನೋದೇ ಅದು ಅಂತ ‘ಅವಧಿ’ ಎಂದು ಬರೆದಿದ್ದೆ. ಆದರೆ ಅದನ್ನು ಅಳೆಯುವುದು ಸೆಕೆಂಡಿನಲ್ಲಲ್ಲ, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತಿರುಗುವ ಡಿಗ್ರಿಯಲ್ಲಿ. 240 ಡಿಗ್ರಿಯ ಕ್ಯಾಮ್ ಅನ್ನೋಣ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ವಾಲ್ವ್ ಒಂದು ಸೆಕೆಂಡಿನ 20ನೇ ಒಂದು ಭಾಗ ತೆರೆದಿರುತ್ತದೆ. 6000 ಸುತ್ತಿಗೆ ಏರಿದರೆ ಅದೇ ಕ್ಯಾಮ್‌ನಲ್ಲಿ 150ನೇ ಒಂದು ಭಾಗ ಮಾತ್ರ. ಹೊತ್ತು ಬದಲಾಯಿತು, ಡಿಗ್ರಿ ಬದಲಾಗಲಿಲ್ಲ. ‘ಅವಧಿ’ ಅಂತ ಓದಿದವನು ದಾರಿ ತಪ್ಪುತ್ತಾನೆ, ಅಲ್ವಾ?

ದಾರಿ ತಪ್ಪಿದರೆ ದುಡ್ಡೂ ಹೋಗುತ್ತದೆ. ಡ್ಯುರೇಶನ್ ಜಾಸ್ತಿ ಇರುವ ಕ್ಯಾಮ್ ಗಾಳಿ ಎಳೆಯುವ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ನುಗ್ಗಿ ಬರುವ ಗಾಳಿಗೆ ಆ ತಡ ಒಳ್ಳೆಯದು. ನಿಧಾನವಾಗಿದ್ದಾಗ ಮೇಲೇರುವ ಪಿಸ್ಟನ್ ಅದೇ ಗಾಳಿಯನ್ನು ವಾಪಸ್ ತಳ್ಳಿಬಿಡುತ್ತದೆ. ಇಂಥ ಕ್ಯಾಮ್ ಹಾಕಿದ ಒಂದು ಕಾರಿನಲ್ಲಿ ನಾನೇ ಕೂತಿದ್ದೆ. ಟಿಳಕವಾಡಿಯ ರೈಲ್ವೆ ಗೇಟ್ ಬಿದ್ದಿತ್ತು. ನಿಂತಲ್ಲೇ ಗಾಡಿ ನಡುಗುತ್ತಿತ್ತು, ಕನ್ನಡಿಯಲ್ಲಿ ಹಿಂದಿನವರ ಮುಖ ಕದಡಿ ಕಾಣುತ್ತಿತ್ತು. ‘ಸ್ಲೋದಾಗ ನಿಲ್ಲವಲ್ದು’ ಅಂತ ಹುಡುಗ ಆಕ್ಸಲರೇಟರ್ ಒತ್ತಿಯೇ ಕೂತಿದ್ದ. ಬ್ರೇಕ್ ಪೆಡಲೂ ಗಟ್ಟಿ. ಗಾಳಿ ಎಳೆಯುವ ವಾಲ್ವ್, ಹೊಗೆ ಬಿಡುವ ವಾಲ್ವ್ ಎರಡೂ ಒಟ್ಟಿಗೆ ತೆರೆದಿರುವುದು (ಓವರ್‌ಲ್ಯಾಪ್) ಜಾಸ್ತಿಯಾದರೆ, ನಿಧಾನವಾಗಿ ತಿರುಗುವಾಗ ಎಂಜಿನ್ ಗಾಳಿ ಹೀರುವ ಎಳೆತ (ವ್ಯಾಕ್ಯೂಮ್) ಕಡಿಮೆಯಾಗುತ್ತದೆ. ಬ್ರೇಕ್ ಒತ್ತಲು ನೆರವಾಗುವ ಬೂಸ್ಟರಿಗೆ ಬೇಕಾದದ್ದು ಆ ಎಳೆತವೇ. ಅದಕ್ಕೇ ಹಾಳೆಯಲ್ಲಿ ನಾನು ದಪ್ಪಗೆ ಬರೆದಿರುವುದು: ಊರೊಳಗೆ ಓಡಿಸುವ ಗಾಡಿಗೆ ಕಂಪನಿಯ ಕ್ಯಾಮ್‌ಗಿಂತ ಸ್ವಲ್ಪವೇ ಹೆಚ್ಚು ಡ್ಯುರೇಶನ್ ಇರುವುದು ಸಾಕು, ಏರು ಹೆಚ್ಚಿದ್ದರೆ ಅದಕ್ಕೆ ತಕ್ಕ ವಾಲ್ವ್ ಸ್ಪ್ರಿಂಗ್ ಕೂಡ ಬೇಕು.

ಇನ್ನೊಂದು ತೊಡಕಿದೆ. ಒಂದೇ ಕ್ಯಾಮ್‌ಗೆ ಎರಡು ಡ್ಯುರೇಶನ್ ಬರೆದಿರುತ್ತಾರೆ. ಒಂದು, ವಾಲ್ವ್ ಅಲುಗಿದಾಗಿನಿಂದ ಎಣಿಸಿದ್ದು. ಇನ್ನೊಂದು, ಡುಬ್ಬವು ತನ್ನ ಮೇಲೆ ಕೂತ ಟ್ಯಾಪೆಟ್ ಅನ್ನುವ ಭಾಗವನ್ನು 1.27 ಮಿಲಿಮೀಟರ್ ಎತ್ತಿದ ಮೇಲಿನದು. ಎರಡನೆಯದು ಯಾವಾಗಲೂ ಚಿಕ್ಕದು. ಒಂದು ಕ್ಯಾಮ್‌ನ ಮೊದಲನೆಯದನ್ನು ಇನ್ನೊಂದರ ಎರಡನೆಯದಕ್ಕೆ ಹೋಲಿಸಿ ಮೋಸ ಹೋಗುವವರು ಇದ್ದಾರೆ. ಹಾಗಾಗಿ ಇವೆರಡಕ್ಕೂ ಬೇರೆ ಬೇರೆ ಹೆಸರು ಬೇಕು.

ನನಗೆ ಹೊಳೆದದ್ದು ‘ತೆರಪು’. ತೆರೆ ಅನ್ನುವ ಮಾತು ಅದರೊಳಗೇ ಕೇಳಿಸುತ್ತದೆ. 240 ಡಿಗ್ರಿ ತೆರಪು. ಮೊದಲನೆಯದು ‘ಪೂರ್ತಿ ತೆರಪು’, ಎರಡನೆಯದು ‘ಕೆಲಸದ ತೆರಪು’. ಓವರ್‌ಲ್ಯಾಪ್‌ಗೆ ‘ಜೋಡಿ ತೆರಪು’. ಹಾಳೆಯಲ್ಲಿ ಚೆನ್ನಾಗಿ ಕೂತಿವೆ.

ಆದರೆ ಒಂದು ಅನುಮಾನ ಬಿಡುತ್ತಿಲ್ಲ. ನಮ್ಮ ಕಡೆ ‘ಮಳಿ ತೆರಪ ಕೊಟ್ಟೈತಿ’ ಅಂದರೆ ಮಳೆ ನಿಂತಿದೆ ಅಂತ. ಹಾಗೆ ಕೇಳಿ ಬೆಳೆದವರಿಗೆ ‘ವಾಲ್ವಿನ ತೆರಪು’ ಅಂದರೆ ವಾಲ್ವ್ ತೆರೆದಿರುವುದೋ, ಕೆಲಸ ಬಿಟ್ಟು ಸುಮ್ನೆ ಕೂತಿರುವುದೋ? ಬಾಗಲಕೋಟೆ, ವಿಜಯಪುರ ಕಡೆಯವರು ಇದನ್ನು ಹೇಗೆ ಕೇಳಿಸಿಕೊಳ್ಳುತ್ತೀರಿ? ಗ್ಯಾರೇಜಿನಲ್ಲಿ ಬೇರೆ ಪದ ಓಡಾಡುತ್ತಿದ್ದರೆ ಅದನ್ನೇ ಬರೆಯುತ್ತೇನೆ. ದಯವಿಟ್ಟು ತಿಳಿಸಿ. ಹಾಳೆ ಇನ್ನೂ ಗೋಡೆ ಹತ್ತಿಲ್ಲ.